ಕೊಗ್ಗನ ಮದ್ದು

ಸಹಮ್, ೧೪ ಆಗಸ್ಟ್ ೧೯೯೧, ಬುಧವಾರ

ಕೈ ಇನ್ನೂ ಹಳದಿಯಾಗಿಯೇ ಇದೆ. ಸೋಪು ಹಾಕಿ ಎಷ್ಟು ಉಜ್ಜಿದರೂ ಬಣ್ಣ ಹೋಗುತ್ತಿಲ್ಲ, ಸಿಟ್ಟೂ ಹೋಗುತ್ತಿಲ್ಲ.

ವಾರವಿಡೀ ಆ ಹಳೇ ಡೀಸೆಲ್ ಟ್ಯಾಂಕರಿನ ಅಡಿಯಲ್ಲಿ ಮಲಗಿ ಸೋರಿಕೆ ಹುಡುಕಿದೆ. ರೇಡಿಯೇಟರಿನ ನೀರು ಖಾಲಿಯಾಗುತ್ತದೆ, ನೆಲದ ಮೇಲೆ ಒಂದು ಹನಿಯೂ ಇಲ್ಲ. ಹೋಸ್ ಬದಲಾಯಿಸಿದೆ, ಮುಚ್ಚಳ ಬದಲಾಯಿಸಿದೆ. ಇಂದು ಬೆಳಿಗ್ಗೆ ಎಂಜಿನ್ ಕಾದು ಗಾಡಿ ರಸ್ತೆಯಲ್ಲೇ ನಿಂತಿತು. ನಮಗೆ ವೀಸಾ ಕೊಟ್ಟ ಅರಬ್ ಧಣಿ, ಆ ಕಫೀಲ್, ಎಲ್ಲರೆದುರು ಕೂಗಾಡಿದ: "ತುಮ್ ಕೈಸಾ ಮೆಕ್ಯಾನಿಕ್? ಕಲ್ ಗಾಡಿ ನಹೀ ಚಲಾ ತೋ ಖಲಾಸ್, ಇಂಡಿಯಾ ಜಾವ್!" ಡ್ರೈವರ್ ಕೊಗ್ಗ ನನ್ನ ಪಕ್ಕದಲ್ಲೇ ತಲೆ ತಗ್ಗಿಸಿ ನಿಂತಿದ್ದ.

ಮಧ್ಯಾಹ್ನ ವಾಟರ್ ಪಂಪ್ ಬಿಚ್ಚಿದೆ. ಸೋರುವ ಜಾಗ ಅಲ್ಲೇ ಇತ್ತು. ಒಳಗಿನಿಂದ ಹಳದಿ ಹಿಟ್ಟು ಮೆತ್ತಿಕೊಂಡಿತ್ತು. ಗಾಡಿ ನಿಂತಾಗ ಅದು ನೀರನ್ನು ತಡೆಯುತ್ತದೆ, ಓಡುವಾಗ ಬಿಡುತ್ತದೆ. ರೇಡಿಯೇಟರಿನ ಕೊಳವೆಗಳೂ ಅದರಿಂದಲೇ ಕಟ್ಟಿಹೋಗಿದ್ದವು. ಮೂಸಿ ನೋಡಿದೆ. ಅರಸಿನ!

"ಊರಲ್ಲಿ ಲಾರಿಯ ರೇಡಿಯೇಟರ್ ಸೋರಿದ್ರೆ ನಾವು ಅದನ್ನೇ ಹಾಕುದಲ್ವಾ ಕ್ಯಾಸ್ಮಿರಣ್ಣ," ಎಂದ ಕೊಗ್ಗ. "ಹೇಳಿದ್ರೆ ನೀವು ಬೈತೀರಿ ಅಂತ ಹೆದರಿಕೆ ಆಯ್ತು."

ನನ್ನ ಬೈಗುಳಕ್ಕೆ ಹೆದರಿದನಂತೆ! ಕಫೀಲ್ ನನ್ನ ಮರ್ಯಾದೆ ತೆಗೆಯುವಾಗ ಅವನಿಗೆ ಬಾಯಿಯೇ ಬರಲಿಲ್ಲ.

ಬೇರೆ ಪಂಪ್ ಹಾಕಿ, ರೇಡಿಯೇಟರ್ ತೊಳೆದು ರೂಮಿಗೆ ಬಂದೆ. ಅಡುಗೆಯ ಸಿರಿಲ್ ಮೀನು ಸಾರು ಬಡಿಸಿದ. ಇಂದೂ ಬಿಳುಚಿಕೊಂಡಿತ್ತು. "ಅರಸಿನದ ಡಬ್ಬಿ ಮತ್ತೆ ಖಾಲಿ," ಎಂದ.

ಸಾರು ಮಾಡಲು ಬಾರದವನೆಂದು ವಾರವಿಡೀ ಎಲ್ಲರೆದುರು ಆ ಸಿರಿಲ್‌ನನ್ನು ಬೈದಿದ್ದೆ. ಆಗಲೂ ಕೊಗ್ಗ ನನ್ನ ಪಕ್ಕದಲ್ಲೇ ಕೂತು, ತಲೆ ತಗ್ಗಿಸಿ ಉಣ್ಣುತ್ತಿದ್ದ.