ಥ್ಯಾಡ್‌ಗೆ ಕೊಟ್ಟ ಮಾತು

ಮಾರ್ಚ್ 7, 1983, ಸೋಮವಾರ

ಮತ್ತೆ ಸಮಿತಿ, ಮತ್ತೆ ತಣ್ಣಗಾದ ಕಾಫಿ. ಮಂಡಿ ಹಿಡಿದುಕೊಂಡಿದೆ. ಸೆನೆಟ್‌ಗೆ ಬಂದು ಮೂವತ್ತು ವರ್ಷದ ಮೇಲಾಯಿತು. ಈಗ ಮೆಟ್ಟಿಲು ಕಂಡರೆ ಬೈಗುಳ ಬರುತ್ತದೆ.

ಥ್ಯಾಡ್ ಮೇಹ್ಯೂ ಬಂದಿದ್ದ. ಕಾನ್ಸಾಸಿನವನು, ಎದುರು ಪಕ್ಷ, ನನ್ನ ಪ್ರತಿ ಮಸೂದೆಗೂ ಅಡ್ಡಗಾಲು. ಆದರೂ ಇಲ್ಲಿ ನನಗಿರುವ ಒಬ್ಬನೇ ಗೆಳೆಯ. ನಾಳೆ ಹೊಟ್ಟೆಯ ಆಪರೇಷನ್ನಂತೆ. ಜೋಡಿ ಕೇಳಿದ. ಅಂದರೆ ಅವನು ಎದ್ದು ಬರುವವರೆಗೆ ನಾನೂ ಮತ ಹಾಕಬಾರದು. ಅವನ ‘ಬೇಡ’ಕ್ಕೆ ನನ್ನ ‘ಬೇಕು’ ವಜಾ. ಬರಹ ಗಿರಹ ಏನಿಲ್ಲ, ಬಾಯಿಮಾತು. ಆಗಲಿ ಎಂದೆ.

ಮಾರ್ಚ್ 11, ಶುಕ್ರವಾರ

ಗಣಿ ವಿಧವೆಯರ ಪಿಂಚಣಿ ಮಸೂದೆ ಬುಧವಾರ ಮತಕ್ಕೆ. ಎದುರು ಪಕ್ಷದವರು ವರ್ಷಗಟ್ಟಲೆ ಮೂಲೆಗೆ ತಳ್ಳಿದ್ದರು, ಈಗ ಏಕಾಏಕಿ ಅವಸರ. ನನ್ನ ಕೈ ಕಟ್ಟಿದೆ ಎಂದು ಅವರಿಗೆ ಗೊತ್ತು. ಕೊಂದು ಕೈ ತೊಳೆದುಕೊಳ್ಳುವ ಲೆಕ್ಕಾಚಾರ.

ಆಫೀಸು ನೋಡಿಕೊಳ್ಳುವ ಕಾನಿ ಎಣಿಸಿ ಬಂದಳು. ನಾನು ಹಾಕಿದರೆ ಒಂದೇ ಮತದ ಗೆಲುವು. ಹಾಕದಿದ್ದರೆ ಸಮ — ಸಮ ಬಂದರೆ ಮಸೂದೆ ಬಿದ್ದ ಹಾಗೆ.

“ಜೋಡಿ ಏನು ಕಾನೂನಲ್ಲ ಸರ್. ಮುರಿದ್ರೆ ಯಾರೂ ಜೈಲಿಗೆ ಹಾಕಲ್ಲ.”

ನಿಜ. ಆದರೆ ಮಾತು ತಪ್ಪಿದವನ ಜೊತೆ ಇಲ್ಲಿ ಯಾರೂ ಊಟಕ್ಕೂ ಕೂರುವುದಿಲ್ಲ. ಇತ್ತ ನನ್ನ ರಾಜ್ಯದ ಗಣಿ ವಿಧವೆ ಓಪಲ್ ವಾನ್ಸ್‌ಗೆ ಏನು ಹೇಳಲಿ? ಗಂಡ ಕಲ್ಲಿದ್ದಲ ಧೂಳು ಕುಡಿದು ಕೆಮ್ಮಿ ಕೆಮ್ಮಿ ಸತ್ತ. ಸಿಗರೇಟಿನಿಂದ ಸತ್ತ ಎಂದು ಗಣಿಯವರು ಕೈಯೆತ್ತಿದರು. ಅವನು ಸಿಗರೇಟು ಮುಟ್ಟಿದವನೇ ಅಲ್ಲ.

ಮಾರ್ಚ್ 15, ಮಂಗಳವಾರ

ಆಸ್ಪತ್ರೆ. ಮಾತಿನಿಂದ ಬಿಡಿಸು ಎಂದು ಕೇಳಲೆಂದೇ ಹೋದದ್ದು. ಥ್ಯಾಡ್‌ಗೆ ನಂಜೇರಿದೆ. ಮೂಗಿಗೆ ಕೊಳವೆ. ನನ್ನನ್ನು ಕಂಡು, ಬಾ ಹೋಬರ್ಟ್ ಎಂದು ನಕ್ಕ.

“ನಮ್ಮೋರು ಮತಕ್ಕೆ ಸ್ಟ್ರೆಚರ್ ಮೇಲಾದ್ರೂ ಹೊತ್ಕೊಂಡು ಹೋಗ್ತೀವಿ ಅಂದ್ರು ಕಣೋ. ಬೇಡ, ಹೋಬರ್ಟ್ ಇದಾನಲ್ಲ ಅಂದೆ.”

ಕೇಳಲು ಹೋದದ್ದನ್ನು ಕೇಳದೆ ಎದ್ದು ಬಂದೆ. ಲಿಫ್ಟಿನಲ್ಲಿ ಒಂದು ಯೋಚನೆ ಬಂತು — ಇವನು ಸತ್ತರೆ ಜೋಡಿಯೂ ಮುರಿಯಿತು, ನಾನು ಮತ ಹಾಕಬಹುದು. ಥೂ. ಇಂಥದ್ದು ಯೋಚಿಸುವ ಮುದುಕನಾದೆನಲ್ಲ.

ಮಾರ್ಚ್ 16, ಬುಧವಾರ, ಸಂಜೆ

ಓಪಲ್ ಗ್ಯಾಲರಿಯಲ್ಲಿದ್ದಳು. ವೆಸ್ಟ್ ವರ್ಜೀನಿಯಾದಿಂದ ಬಸ್ಸಿನಲ್ಲಿ ಬಂದವಳು, ಮಡಿಲಲ್ಲಿ ನನಗೆಂದು ತಂದ, ನಮ್ಮ ಗಣಿ ಕಾರ್ಮಿಕರ ಬುತ್ತಿಯಾದ ಪೆಪ್ಪರೋನಿ ರೋಲಿನ ಪೊಟ್ಟಣ. ನನ್ನ ಹೆಸರು ಕೂಗಿದರು. ಎದ್ದೆ.

“ಕಾನ್ಸಾಸಿನ ಸೆನೆಟರ್ ಜೊತೆ ನನಗೆ ಜೋಡಿ ಇದೆ. ಅವರು ಇಲ್ಲಿದ್ದಿದ್ದರೆ ಬೇಡ ಎನ್ನುತ್ತಿದ್ದರು. ನನಗೆ ಸ್ವಾತಂತ್ರ್ಯವಿದ್ದಿದ್ದರೆ ಬೇಕು ಎನ್ನುತ್ತಿದ್ದೆ. ಮತ ತಡೆಹಿಡಿಯುತ್ತೇನೆ.”

ಸಮ. ಬಿತ್ತು. ಎದುರು ಸಾಲಿನವರು ಬಂದು ಕೈ ಕುಲುಕಿದರು. ಅವರ ನಾಯಕ ಮಾತ್ರ ನನ್ನ ಮುಖ ನೋಡಲಿಲ್ಲ.

ಕಾರಿಡಾರಿನಲ್ಲಿ ಓಪಲ್‌ಗೆ ಎಲ್ಲ ಬಿಡಿಸಿ ಹೇಳಿದೆ. ಪೂರ್ತಿ ಕೇಳಿದಳು.

“ನೀನು ಒಳ್ಳೆ ಮನುಷ್ಯ ಕಣಪ್ಪ ಹೋಬರ್ಟ್. ಅದನ್ನ ಇಟ್ಕೊಂಡು ನಾನೇನ್ ಮಾಡ್ಲಿ?”

ಪೊಟ್ಟಣ ಕೈಗಿಟ್ಟು ಹೋದಳು.

ಆಫೀಸಿಗೆ ಬಂದರೆ ಥ್ಯಾಡ್‌ನ ಹೆಂಡತಿ ಲುಸಿಲ್‌ಳ ಫೋನು. ಥ್ಯಾಡ್ ಇಲ್ಲ. ಹೋದದ್ದು ಬೆಳಿಗ್ಗೆಯೇ.

“ಮೊದಲು ಹೋಬರ್ಟ್‌ಗೆ ತಿಳಿಸಿ ಅಂತ ನಮ್ಮ ಪಕ್ಷದೋರಿಗೆ ಆಗಲೇ ಹೇಳಿದ್ದೆ. ಈಗ ಬರ್ತೀರ, ಆಗ ಬರ್ತೀರ ಅಂತ ಬಾಗಿಲೇ ನೋಡ್ತಿದ್ದೆ.”

ಮೀಟಿಂಗ್ ಇತ್ತು ಎಂದೆ. ಮತ ಮುಗಿಯಲಿ ಎಂದು ಅವನ ಪಕ್ಷದವರು ಸಾವನ್ನು ಮುಚ್ಚಿಟ್ಟರು. ಸತ್ತವನ ಹೆಸರು ಹೇಳಿ ಓಪಲ್‌ಳ ಕಣ್ಣೆದುರೇ ಮತ ಹಾಕದೆ ಕೂತೆ... ಸಿಟ್ಟು ಬಂತು, ಅಳು ಬಂತು. ಎರಡಕ್ಕೂ ಮೈಯಲ್ಲಿ ಕಸುವಿಲ್ಲ.

ಮಾರ್ಚ್ 20, ಭಾನುವಾರ

ನಾಳೆ ಸಂತಾಪ ಸಭೆ. ಮೊದಲು ನೀವೇ ಮಾತಾಡಬೇಕು ಎಂದು ಥ್ಯಾಡ್ ಪಕ್ಷದ ನಾಯಕನೇ ಬಂದು ಕೇಳಿಹೋದ. ಎರಡು ಒಳ್ಳೆಯ ಮಾತು ಸಾಕಂತೆ. ಕಾನಿ ಹೆದರಿದ್ದಾಳೆ, ಮುಂದಿನ ಸಾಲಿನಲ್ಲೇ ಲುಸಿಲ್ ಇರುತ್ತಾರೆ ಸರ್ ಎಂದಳು. ಗೊತ್ತು. ಲುಸಿಲ್‌ಗೆ ನೋವಾಗುತ್ತದೆ, ಅದೂ ಗೊತ್ತು.

ಬರೆದು ಬರೆದು ಹರಿದು ಹಾಕಿದೆ. ಈಗ ಉಳಿದದ್ದು ಇಷ್ಟು: “ಥ್ಯಾಡ್ ತೀರಿಕೊಂಡದ್ದು ಬುಧವಾರ ಬೆಳಿಗ್ಗೆ. ಮತ ಎಣಿಸಿದ್ದು ಮಧ್ಯಾಹ್ನ. ನಡುವೆ, ಇದೇ ಸಭೆಯಲ್ಲಿ ಕೂತಿರುವ ಕೆಲವರು ಆ ಸುದ್ದಿಯನ್ನು ನನ್ನಿಂದ ಮುಚ್ಚಿಟ್ಟರು.”