ಎದುರಿಗೆ ನಿಂತವರ ಎಡ

ಸೋಮವಾರ 3, ಬೆಳಿಗ್ಗೆ

ಮತ್ತೆ ಶೆಡ್ಡು. ಮುಂದಿನ ಎರಡೂ ಚಕ್ರ ಬಿಚ್ಚಿಯಾಯಿತು. ಅಪ್ಪನ ಕಾಲದ ಕಾರು. ಬ್ರೇಕ್ ಡ್ರಮ್ಮಿನೊಳಗೆ ತುಕ್ಕು ಬಿಟ್ಟರೆ ಬೇರೇನಿಲ್ಲ. ಇದೇ ಕಂಪನಿಯ ಹೊಸ ಮಾಡೆಲ್ಲಿನ ಬ್ರೇಕ್ ಸೆಟ್ಟು ಗುಜರಿಯಲ್ಲಿ ಸಿಕ್ಕಿದೆ. ಸವೆದಷ್ಟೂ ತಾನೇ ಬಿಗಿಯಾಗುತ್ತದಂತೆ. ಇದಕ್ಕೆ ಕೂರುತ್ತದೋ ಇಲ್ಲವೋ...

ಹೆಂಡತಿ ಬಸ್ಸಿನಲ್ಲೇ ಹೊಲಿಗೆ ಅಂಗಡಿಗೆ ಹೋದಳು. ನಾನು ಓಡಿಸುವಾಗ ಇಳಿಜಾರಿನಲ್ಲಿ ಬ್ರೇಕ್ ಹಿಡಿಯದೆ ಕಾರು ಗೋಡೆಗೆ ಗುದ್ದಿ, ಅವಳ ಕೈ ಮುರಿದು ಏಳು ತಿಂಗಳಾಯಿತು. ಅಂದಿನಿಂದ ಜಪ್ಪಯ್ಯ ಅಂದರೂ ಈ ಕಾರು ಹತ್ತುವುದಿಲ್ಲ. ಬೈದಿದ್ದರೆ ವಾಸಿಯಿತ್ತು. "ನೀವು ಹೋಗಿ ಬನ್ನಿ" ಅನ್ನುತ್ತಾಳೆ, ಅಷ್ಟೇ. ಒಂದು ಸಲ ಪಕ್ಕದಲ್ಲಿ ಕೂತರೆ ಸಾಕು. ನನಗೆ ಬೇಕಿರುವುದು ಅದೊಂದೇ.

ಗುರುವಾರ 6

ಕೂತಿತು! ಡ್ರಮ್ಮು, ಶೂ, ಸ್ಪ್ರಿಂಗು — ಎಲ್ಲ. ಒಂದು ತೂತು ಮಾತ್ರ ಅರ ಹಾಕಿ ಉಜ್ಜಬೇಕಾಯಿತು. ಗ್ಯಾರೇಜಿನ ಮುದುಕ, ಎಲ್ಲರ ಬಾಯಲ್ಲೂ 'ಡಾಕ್ಟ್ರು', ಬಂದು ನೋಡಿದ. "ದಿನಾ ನಾಲ್ಕು ಸಲ ಗಾಡೀನ ಹಿಂದಕ್ಕೆ ತಗೊಂಡು ಬ್ರೇಕ್ ಒತ್ತಿ ಸಾರ್. ತಾನೇ ಬಿಗಿಯಾಗುತ್ತೆ."

ಹೆಂಡತಿಗೆ ಹೇಳಿದೆ. ಸೂಜಿಗೆ ದಾರ ಪೋಣಿಸುತ್ತಲೇ, "ಭಾನುವಾರ ನೋಡೋಣ" ಅಂದಳು. ನೋಡೋಣ! ಅಷ್ಟಾದರೂ ಅಂದಳಲ್ಲ.

ಶನಿವಾರ 8, ಬೆಳಿಗ್ಗೆ 11

ಪೆಡಲ್ ಇಳಿಯುತ್ತಿದೆ. ನಿನ್ನೆ ಅರ್ಧಕ್ಕೆ ಹಿಡಿಯುತ್ತಿತ್ತು, ಇವತ್ತು ಮುಕ್ಕಾಲಿಗೆ. ಬ್ರೇಕ್ ಆಯಿಲ್ ಎಲ್ಲೂ ಸೋರಿಲ್ಲ. ಹಿಂದಕ್ಕೆ ತೆಗೆದೆ, ಒತ್ತಿದೆ. ಇನ್ನೂ ಇಳಿಯಿತು. ಇಪ್ಪತ್ತು ಸಲ. ನಲವತ್ತು. ತಲೆ ಚಿಟ್ಟು ಹಿಡಿದಿದೆ. ಕೂತರೆ ಏಳುತ್ತೇನೆ, ಎದ್ದರೆ ಶೆಡ್ಡಿಗೆ ಹೋಗುತ್ತೇನೆ. ಅವಳಿಗೆ ಹೇಳುವುದೇ? ಹೇಳಿದರೆ ಮತ್ತೆ ಬಸ್ಸು. ಹೇಳದಿದ್ದರೆ... ಛೆ.

ಸಂಜೆ 5

ಹೇಳಿಬಿಟ್ಟೆ. ನೇರ ಶೆಡ್ಡಿಗೆ ಬಂದಳು. ಡ್ರಮ್ಮು ತೆಗೆಸಿದಳು. ಬ್ರೇಕ್ ಬಿಗಿ ಮಾಡುವ ಹಲ್ಲಿನ ತಿರುಪನ್ನು ಒರೆಸಿ, ಅದರ ಮೇಲಿನ 'L' ಅಕ್ಷರ ನೋಡಿದಳು.

"ಇದು ಎಡಗಡೇದು. ಬಲಗಡೆ ಯಾಕಿದೆ?"

"ಇದೇ ಎಡಗಡೆ ಕಣೇ."

"ಕಾರಿನ ಎದುರಿಗೆ ನಿಂತ್ಕೊಂಡು ಲೆಕ್ಕ ಹಾಕಿದ್ರಾ? ರೀ, ಅಂಗಿಗೆ ತೋಳು ಹಚ್ಚೋವಾಗ ಹಾಕ್ಕೊಳ್ಳೋರ ಎಡಗೈ ನೋಡ್ತೀವಿ. ಎದುರಿಗೆ ನಿಂತೋರದ್ದಲ್ಲ!"

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎರಡೂ ಅದಲುಬದಲು. ಹಿಂದಕ್ಕೆ ತೆಗೆದು ಒತ್ತಿದಾಗಲೆಲ್ಲ ಬ್ರೇಕನ್ನು ಕೈಯಾರೆ ಸಡಿಲ ಮಾಡುತ್ತಿದ್ದೆ. ಇಬ್ಬರೂ ಸೇರಿ ಬದಲಿಸಿದೆವು. ಈಗ ಪೆಡಲ್ ಮೇಲೆಯೇ ಹಿಡಿಯುತ್ತಿದೆ. ನಾಳೆ ಬರುತ್ತೀಯಾ ಎಂದು ಕೇಳಲು ಧೈರ್ಯ ಬರಲಿಲ್ಲ.

ಭಾನುವಾರ 9, ಬೆಳಿಗ್ಗೆ 7

ಅವಳು ಆಗಲೇ ಕಾರಿನಲ್ಲಿದ್ದಾಳೆ. ಮುಂದಿನ ಸೀಟು! ಅದೇ ಇಳಿಜಾರಿನಲ್ಲೇ ಹೋಗಬೇಕಂತೆ. "ನಿನ್ನೆ ನೀವು ಬಾಯಿ ಬಿಟ್ಟು ಹೇಳದೇ ಇದ್ದಿದ್ರೆ ಜನ್ಮದಲ್ಲಿ ಹತ್ತುತ್ತಿರ್ಲಿಲ್ಲ" ಅಂದಳು.

ಬೀಗದಕೈ ಹುಡುಕುತ್ತೇನೆ ಎಂದು ಒಳಗೆ ಬಂದು ಇದನ್ನು ಬರೆಯುತ್ತಿದ್ದೇನೆ. ಬೀಗದಕೈ ಜೇಬಿನಲ್ಲೇ ಇದೆ. ಹೆದರಿಕೆ ಅವಳಿಗೆ ಮಾತ್ರ ಅಂದುಕೊಂಡಿದ್ದೆನಲ್ಲ...

ಹಾರ್ನ್ ಹೊಡೆದಳು. ಬಂದೆ ಎಂದು ಕೂಗಿದೆ. ಮತ್ತೆ ಹಾರ್ನ್ —