ಒಂಬತ್ತನೇ ಮಹಡಿಯಿಂದ ಹಬ್ಬದ ಚಂದ್ರ

ರಂಜಾನ್ ೨೦
ಪವಿತ್ರ ಮಾಸದಲ್ಲಿ, ಸ್ವಸ್ಥ ಚಿತ್ತದಿಂದ, ಖಾಲಿ ಹೊಟ್ಟೆಯಿಂದ ಒಪ್ಪಿಕೊಳ್ಳುತ್ತೇನೆ: ಇಂದು ಕದ್ದೆ. ಕಾಲೇಜಿನ ಫೋಟೋಗ್ರಫಿ ಕ್ಲಬ್ಬಿನ ಬೀರುವಿನಿಂದ, ಹಳೇ ಫಿಲ್ಮ್ ರೋಲಿನ ಕರಿ ಡಬ್ಬಿ ಒಂದು. ಸಾಕ್ಷಿಗಳು: ಎರಡು ಜಿರಲೆ. ಆ ಡಬ್ಬಿ ನಾನು ಕೊಂಡ ಟೆಲಿಸ್ಕೋಪಿನ ಹಿಂಬದಿಯ ತೂತಿಗೆ ಅಳತೆ ಕೊಟ್ಟು ಮಾಡಿಸಿದಂತೆ ಕೂರುತ್ತದೆ. ತಳ ಕತ್ತರಿಸಿ, ಕ್ಯಾಮೆರಾದ ಮುಚ್ಚಳಕ್ಕೆ ತೂತು ಕೊರೆದು ಅಂಟಿಸಿದರೆ — ಬೇರೆ ಲೆನ್ಸ್ ಬೇಡ, ಟೆಲಿಸ್ಕೋಪೇ ಲೆನ್ಸು.

ಸ್ಟಾಫ್‌ರೂಮಿನಲ್ಲಿ ಘೋಷಿಸಿಯೂ ಬಿಟ್ಟೆ: ಈ ಸಲ ನಮ್ಮ ಸೆರೆಂಬಾನ್ ಊರಿನಲ್ಲಿ ಹಬ್ಬದ ಚಂದ್ರನನ್ನು ಮೊದಲು ಹಿಡಿಯುವವನು ನಾನೇ. ನನ್ನ ಕಣ್ಣು ತಪ್ಪಿಸಿಕೊಂಡು ಹೋಗುವ ವಸ್ತು ಇನ್ನೂ ಹುಟ್ಟಿಲ್ಲ.

ರಂಜಾನ್ ೨೨
ಅಂಟು ಒಣಗಿದೆ. ಅಡುಗೆಮನೆಯ ಹಿಂದೆ, ಬಟ್ಟೆ ಒಣಹಾಕುವ ಜಾಗದಲ್ಲಿ ನಿಲ್ಲಿಸಿದೆ. ಪಶ್ಚಿಮ ಸಿಗುವುದು ಅಲ್ಲಿಂದ ಮಾತ್ರ. ಬೆಟ್ಟದ ಮೇಲಿನ ಟವರಿಗೆ ಗುರಿಯಿಟ್ಟರೆ ಪರದೆಯಲ್ಲಿ ಬರೀ ಗಂಜಿ. ಕೊಳವೆ ಪೂರ್ತಿ ಒಳಗೆ ತಿರುಗಿಸಿದರೂ ಫೋಕಸ್ ಒಂದು ಬೆರಳು ಆಚೆಯೇ. ಕೊನೆಗೆ ಪೆಟ್ಟಿಗೆಯೊಡನೆ ಬಂದಿದ್ದ ಫೋಕಸ್ ಹೊರಕ್ಕೆ ತಳ್ಳುವ ಬಾರ್ಲೋ ಮಸೂರ ನಡುವೆ ಸಿಕ್ಕಿಸಿದೆ. ಟವರ್ ನಿಂತಿತು — ತಲೆಕೆಳಗಾಗಿ.

ಕ್ಯಾಮೆರಾ ಭಾರಕ್ಕೆ ಕೊಳವೆಯ ಮೂತಿ ಮೇಲೇಳುತ್ತದೆ. ಮೂತಿಗೆ ಸಕ್ಕರೆ ಪೊಟ್ಟಣ ಕಟ್ಟಿದೆ. ಪಕ್ಕದ ಮನೆಯ ಸೆನಾಹ್ ಚಿಕ್ಕಮ್ಮ ಇಣುಕಿದರು.
"ಏನ್ ಮೇಷ್ಟ್ರೇ, ಚಂದ್ರಂಗೂ ಶರಬತ್ತಾ?"
"ತೂಕಕ್ಕೆ ಚಿಕ್ಕಮ್ಮ."
"ತೂಕ ಬೇಕಿದ್ರೆ ಹೆಂಡ್ತಿ ರೋಸ್ನಾನ ಕರ್ಕೊಂಡ್ ಬನ್ನಿ. ಅವಳು ಹೋಗಿ ಏಳು ತಿಂಗಳಾಯ್ತು."
ನಕ್ಕೆ. ಒಳಗೆ ಬಂದು ಬಾಗಿಲು ಹಾಕಿ ನಗು ನಿಲ್ಲಿಸಿದೆ.

ರಂಜಾನ್ ೨೬
ಮುವಾರ್ ಊರಿನ ತವರುಮನೆಗೆ ಹೊರಟಾಗ ರೋಸ್ನಾ ಹೇಳಿದ್ದು ಒಂದೇ ಮಾತು: "ನಾನೊಬ್ಬಳು ಇದೀನಿ ಅಂತ ನಿಮ್ಮ ಕಣ್ಣಿಗೆ ಬೀಳೋದೇ ಇಲ್ಲ ರೀ." ದೂರದರ್ಶಕ ಕೊಂಡವನಿಗೆ ದೂರು ಕಾಣಿಸಲಿಲ್ಲ. ಶ್ಲೇಷೆ ಚೆನ್ನಾಗಿದೆ. ಹೇಳೋಣವೆಂದರೆ ಮನೆಯಲ್ಲಿ ಯಾರೂ ಇಲ್ಲ.

ಚಂದ್ರ ಸಿಕ್ಕರೆ ಮೊದಲ ಫೋಟೋ ಅವಳಿಗೆ. ಜೊತೆಗೆ ಒಂದು ಸಾಲು — ಹಬ್ಬಕ್ಕೆ ಬಾ. ಬರಿಗೈಯಲ್ಲಿ ಕರೆಯಲು ಧೈರ್ಯವಿಲ್ಲ.

ರಂಜಾನ್ ೨೯, ಸಂಜೆ ೭.೫೦
ಸಿಕ್ಕ! ಆಜಾನ್ ಮುಗಿದಿತ್ತು, ಬಾಯಲ್ಲಿ ಖರ್ಜೂರ. ಪಶ್ಚಿಮದ ಮಬ್ಬಿನಲ್ಲಿ ಬೆಳ್ಳಗೆ ಒಂದು ಗೆರೆ. ಮುಟ್ಟಿದರೆ ಅಲುಗುತ್ತದೆಂದು ಹತ್ತು ಸೆಕೆಂಡ್ ಟೈಮರ್ ಇಟ್ಟು, ಉಸಿರು ಹಿಡಿದು… ಹದಿನೇಳು ಫೋಟೋ. ಒಂದರಲ್ಲಿ ಮಗುಚಿದ ದೋಣಿಯಂತೆ ಮಲಗಿದ್ದಾನೆ. ತಿರುಗಿಸಿ ನೇರ ಮಾಡಿ ರೋಸ್ನಾಗೆ ಕಳಿಸಿದೆ, ಆ ಸಾಲಿನೊಡನೆ. ಸ್ಟಾಫ್ ಗ್ರೂಪಿಗೂ.

೮.೪೦
ಟಿವಿಯಲ್ಲಿ ಹೇಳಿದರು, ನಾಳೆ ಹಬ್ಬ. ಗ್ರೂಪಿನ ತುಂಬಾ ಶಹಬ್ಬಾಸ್. ರೋಸ್ನಾ ನೋಡಿದ್ದಾಳೆ — ಎರಡು ನೀಲಿ ಟಿಕ್. ಅಷ್ಟೇ. ಎಲೆಯಲ್ಲಿ ಕಟ್ಟಿ ಬೇಯಿಸುವ ಹಬ್ಬದ ಅನ್ನ, ಕೆತುಪಾಟ್ — ಒಬ್ಬನಿಗೆ ಎಷ್ಟು ಬೇಯಿಸುತ್ತಾರೆ?

ಹಬ್ಬ, ಬೆಳಿಗ್ಗೆ ೬
ಫೋನ್. ಅವಳೇ.
"ಚಂದ್ರ ಚೆನ್ನಾಗಿದಾನೆ ರೀ. ಸಿಡಿಲು ತಡೆಯೋ ಕಂಬಿ ಯಾವಾಗ ಹಾಕ್ಸಿದ್ರು ಅವನಿಗೆ?"
ಫೋಟೋ ದೊಡ್ಡದು ಮಾಡಿ ನೋಡಿದೆ. ನಡುವೆ ನೆಟ್ಟಗೆ, ಕಂಬಿ.
"ಅದು ರೈಲ್ವೆ ಹಳಿಯಾಚೆ ಮಸೀದಿ ಗುಮ್ಮಟದ ಚಂದ್ರ. ಕತ್ತಲಾಗೋವಾಗ ದೀಪ ಹಾಕ್ತಾರೆ. ಹನ್ನೊಂದು ವರ್ಷ ಪಾತ್ರೆ ತೊಳೀತಾ ದಿನಾ ನೋಡಿದೀನಿ. ನಿಮಗೆ ಗೊತ್ತಿರ್ಲಿಲ್ವಾ?"

ತಮಾಷೆಗೆ ಕಳಿಸಿದ್ದೆ ಎನ್ನಬಹುದಿತ್ತು. ಗ್ರೂಪಿಗೆ ಹಾಗೇ ಹೇಳುವವನಿದ್ದೇನೆ. ಅವಳಿಗೆ ನಿಜವನ್ನೇ ಹೇಳಿದೆ. ಗೊತ್ತಿರಲಿಲ್ಲ ಎಂದೆ. ಹನ್ನೊಂದು ವರ್ಷದಲ್ಲಿ ಒಂದು ಸಂಜೆಯೂ ಆ ಅಡುಗೆಮನೆ ಕಿಟಕಿಯ ಹತ್ತಿರ ನಾನು ನಿನ್ನ ಪಕ್ಕ ನಿಂತಿರಲಿಲ್ಲ, ಅದನ್ನೂ ಹೇಳಿದೆ.